ಬೆಟ್ಟ ಹತ್ತುವ ಎಲೆಕ್ಟ್ರಿಕ್ ಸೈಕಲ್: ಮೋಟಾರ್ ಚಕ್ರದಲ್ಲೋ, ಪೆಡಲಿನಲ್ಲೋ?

ಅಂಗಡಿಯ ಮುಂದಿನ ಡಾಂಬರು ರಸ್ತೆಯಲ್ಲಿ ಎರಡು ಸುತ್ತು ಹೊಡೆದು ನೋಡಿದರೆ ಎಲ್ಲ ಎಲೆಕ್ಟ್ರಿಕ್ ಸೈಕಲ್‌ಗಳೂ ಚೆನ್ನಾಗಿಯೇ ಇರುತ್ತವೆ. ಅರ್ಧ ಸುತ್ತು ತುಳಿಯುವಷ್ಟರಲ್ಲಿ ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳಿದ ಹಾಗಾಗುತ್ತದೆ, ಮುಖದಲ್ಲಿ ತಾನಾಗಿ ನಗು ಬರುತ್ತದೆ. ಅಂಗಡಿಯವರು ಆ ನಗುವನ್ನು ನೋಡಿಕೊಂಡೇ ಬಿಲ್ ಬರೆಯಲು ಕೂರುತ್ತಾರೆ. ನಾನು ಬಿದ್ದದ್ದೂ ಹಾಗೆಯೇ. ಮನೆಗೆ ತಂದ ನಾಲ್ಕನೇ ದಿನ ತಾವರೆಕಟ್ಟೆಯಿಂದ ಚಾಮುಂಡಿ ಬೆಟ್ಟದ ರಸ್ತೆಗೆ ತಿರುಗಿಸಿದೆ. ಸಮತಟ್ಟಿನಲ್ಲಿ ಕಂಡ ಸೈಕಲ್ ಯಾವುದೋ, ಏರಿನಲ್ಲಿ ನನ್ನ ಕೆಳಗಿರುವ ಸೈಕಲ್ ಯಾವುದೋ ಎನ್ನುವಷ್ಟು ವ್ಯತ್ಯಾಸ ಕಂಡಿತು.

ಆಮೇಲಿನ ಮೂರು ತಿಂಗಳಲ್ಲಿ ಮೂರು ಬಗೆಯವನ್ನು ಓಡಿಸಿದೆ. ಒಂದು ನನ್ನದೇ. ಹಿಂದಿನ ಚಕ್ರದ ನಡುವೆ, ಎತ್ತಿನ ಗಾಡಿಯಾದರೆ ಗುಂಬ ಇರುವ ಜಾಗದಲ್ಲಿ, ಮೋಟಾರ್. ಮುಂದೆ ಮಾತ್ರ ಸಸ್ಪೆನ್ಷನ್. ನಮ್ಮ ದೇಶದಲ್ಲೇ ಜೋಡಿಸಿದ ಮೌಂಟನ್ ಬೈಕ್, ಐವತ್ತು ಸಾವಿರದ ಒಳಗೆ ಬಂತು. ಇನ್ನೊಂದು ನನ್ನ ತಮ್ಮನದು. ಪೆಡಲುಗಳ ನಡುವೆ ಮೋಟಾರ್, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್, ಆಮದು ಮಾಲು. ನಾಲ್ಕು ಲಕ್ಷಕ್ಕೂ ಮೇಲೆ ಎಂದು ತಿಳಿದ ದಿನ ಅಮ್ಮ ಅವನೊಡನೆ ಮಾತು ಬಿಟ್ಟಿದ್ದರು. ಮೂರನೆಯದು ಸಹೋದ್ಯೋಗಿಯೊಬ್ಬರ ಹತ್ತು ವರ್ಷದ ಗೇರ್ ಸೈಕಲ್; ಅದಕ್ಕೆ ಅವರು ಮೋಟಾರ್ ಕಿಟ್ ಹಾಕಿಸಿಕೊಂಡಿದ್ದಾರೆ. ನನಗೆ ಈಗ 46, ತೂಕ 62 ಕೆ.ಜಿ., ಎಡಗಾಲಿನ ಮಂಡಿ ಮೆಟ್ಟಿಲು ಕಂಡರೆ ಗೊಣಗುತ್ತದೆ. ವಾರದಲ್ಲಿ ಐದು ದಿನ ಕುವೆಂಪುನಗರದಿಂದ ಕಚೇರಿಗೆ, ಭಾನುವಾರ ಬೆಟ್ಟಕ್ಕೋ ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ನಾಲೆ ಏರಿಗೋ ಹೋಗುವವಳು. ಬಂಡೆಯಿಂದ ಬಂಡೆಗೆ ಹಾರುವ ಹುಡುಗರಿಗೆ ಹೇಳಿಕೊಡುವಂಥದ್ದು ನನ್ನಲ್ಲಿ ಏನೂ ಇಲ್ಲ.

ಮೊದಲು ನಮ್ಮ ಅತ್ತೆಯವರ ಪ್ರಶ್ನೆ. “ಸ್ಕೂಟರ್ ಇರುವಾಗ ಸೈಕಲ್ ಯಾಕಮ್ಮ? ಸೈಕಲ್ ತುಳಿಯಲೇಬೇಕು ಅಂದ ಮೇಲೆ ಅದಕ್ಕೊಂದು ಮೋಟಾರ್ ಯಾಕಮ್ಮ?” ಎರಡನೆಯ ಪ್ರಶ್ನೆಯನ್ನು ಕೊಳ್ಳುವ ಎಲ್ಲರೂ ಒಮ್ಮೆ ಕೇಳಿಕೊಳ್ಳಬೇಕು. ಮೈಸೂರಿನ ಒಳಗಿನ ಓಡಾಟ ಮಾತ್ರವಾದರೆ ಮೋಟಾರ್ ಬೇಕಿಲ್ಲ. 2017ರಲ್ಲಿ ಇಲ್ಲಿ 450 ಸೈಕಲ್‌ಗಳೊಂದಿಗೆ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ಜನ ಅರಮನೆ, ರೈಲು ನಿಲ್ದಾಣ, ಕಾಲೇಜು ಎಂದು ಸುತ್ತಾಡಿದ್ದು ಬರಿಯ ಕಾಲಿನ ಬಲದಲ್ಲೇ. ಏರು, ಮಣ್ಣು ದಾರಿ, ಮಂಡಿ ನೋವು ಈ ಮೂರರಲ್ಲಿ ಒಂದಾದರೂ ನಿಮ್ಮ ಲೆಕ್ಕದಲ್ಲಿ ಇಲ್ಲದಿದ್ದರೆ ಇಪ್ಪತ್ತು ಇಪ್ಪತ್ತೈದು ಸಾವಿರದ ಒಳ್ಳೆಯ ಗೇರ್ ಸೈಕಲ್ ಕೊಂಡು ಆರಾಮವಾಗಿರಿ. ಅದು 14 ಕೆ.ಜಿ. ಇರುತ್ತದೆ, ನನ್ನದು 23.

ಎಣಿಸುವ ಮೋಟಾರ್, ತೂಗುವ ಮೋಟಾರ್

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಮೋಟಾರ್ ಎಷ್ಟು ವ್ಯಾಟ್ ಎಂದು. ಕಾನೂನಿನ ಮಿತಿಯೊಳಗಿನ ಹೆಚ್ಚಿನ ಸೈಕಲ್‌ಗಳ ಮೇಲೆ 250 ವ್ಯಾಟ್ ಎಂದೇ ಬರೆದಿರುವುದರಿಂದ ಆ ಪ್ರಶ್ನೆಗೆ ಸಿಗುವ ಉತ್ತರ ಯಾವ ಕೆಲಸಕ್ಕೂ ಬರುವುದಿಲ್ಲ. ನಾನು ತುಳಿಯುತ್ತಿದ್ದೇನೆ ಎಂಬುದು ಈ ಮೋಟಾರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿ. ಮಾರುವವರು ಸ್ವಲ್ಪ ತಡವರಿಸಿದರೆ ತಪ್ಪು ತಿಳಿಯಬೇಡಿ, ಹೆಚ್ಚಿನವರು ಈ ಪ್ರಶ್ನೆ ಕೇಳಿಸಿಕೊಂಡಿರುವುದಿಲ್ಲ.

ಎರಡು ವಿಧ. ಕಡಿಮೆ ಬೆಲೆಯವುಗಳಲ್ಲಿ ಇರುವುದು ಕೇಡೆನ್ಸ್ ಸೆನ್ಸರ್. ಪೆಡಲಿನ ಅಚ್ಚಿಗೆ ಒಂದು ಬಿಲ್ಲೆ, ಅದರಲ್ಲಿ ಸುತ್ತಲೂ ಪುಟ್ಟ ಆಯಸ್ಕಾಂತಗಳು. ಅವು ಹಾದುಹೋಗುವುದನ್ನು ಪಕ್ಕದ ಸೆನ್ಸರ್ ಎಣಿಸುತ್ತದೆ. ಪೆಡಲ್ ತಿರುಗುತ್ತಿದೆಯೇ ಇಲ್ಲವೇ, ಇಷ್ಟೇ ಅದಕ್ಕೆ ಗೊತ್ತು. ನೀವು ಹಲ್ಲು ಕಚ್ಚಿ ತುಳಿಯುತ್ತಿದ್ದೀರೋ ಸುಮ್ಮನೆ ಕಾಲಾಡಿಸುತ್ತಿದ್ದೀರೋ ಅದಕ್ಕೆ ಒಂದೇ. ಅರ್ಧ ಸುತ್ತು ತಿರುಗಿದ ಮೇಲೆ ಮೋಟಾರ್ ಎಚ್ಚರಗೊಳ್ಳುತ್ತದೆ, ಕಾಲು ನಿಲ್ಲಿಸಿದ ಮೇಲೂ ಒಂದು ಗಳಿಗೆ ತಳ್ಳುತ್ತಲೇ ಇರುತ್ತದೆ. ಇನ್ನೊಂದು ಟಾರ್ಕ್ ಸೆನ್ಸರ್. ಅದು ಪಾದದ ಒತ್ತಡವನ್ನೇ ತಕ್ಕಡಿಯ ಹಾಗೆ ತೂಗುತ್ತದೆ, ಅದೂ ಸೆಕೆಂಡಿಗೆ ನೂರಾರು ಬಾರಿ. ಮೆಲ್ಲಗೆ ಒತ್ತಿದರೆ ಮೆಲ್ಲನೆಯ ನೆರವು, ಜೋರಾಗಿ ಒತ್ತಿದರೆ ಜೋರು. ಕಾಲು ನಿಂತ ಕ್ಷಣ ಅದೂ ನಿಂತಿರುತ್ತದೆ.

ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನನಗೆ ಅದು ಎಷ್ಟು ದೊಡ್ಡದೆಂದು ತಿಳಿಯಿತು. ಪಾಂಡವಪುರದ ಕಡೆ, ಬೆಳಗಿನ ಏಳು ಗಂಟೆ, ನಾಲೆಯಲ್ಲಿ ನೀರು ದಡ ಮುಟ್ಟಿ ಹರಿಯುತ್ತಿತ್ತು. ಎದುರಿಗೆ ಕಬ್ಬು ತುಂಬಿದ ಗಾಡಿ ಬಂತು. ಏರಿಯ ಅಗಲ ಅದಕ್ಕೇ ಸಾಲದು, ಹಾಗಾಗಿ ಹಿಂದಕ್ಕೆ ತಿರುಗಿಸಿಕೊಂಡು ಸ್ವಲ್ಪ ಅಗಲವಿರುವ ಕಡೆಗೆ ಹೋಗಿ ನಿಲ್ಲೋಣವೆಂದು ಹ್ಯಾಂಡಲ್ ಪೂರ್ತಿ ತಿರುಗಿಸಿ ಅರ್ಧ ಪೆಡಲ್ ತುಳಿದೆ. ಸಾಮಾನ್ಯ ಸೈಕಲ್ ಆಗಿದ್ದರೆ ಎರಡು ಅಡಿ ಹೋಗಿ ನಿಲ್ಲುತ್ತಿತ್ತು. ನನ್ನದು ಆ ಅರ್ಧ ಸುತ್ತನ್ನು ಎಣಿಸಿಕೊಂಡು, ನಾನು ಕಾಲು ತೆಗೆದು ನೆಲಕ್ಕೆ ಊರುವ ಹೊತ್ತಿಗೆ ಸರಿಯಾಗಿ ತಳ್ಳಿತು. ಮುಂದಿನ ಚಕ್ರ ನೀರಿನಿಂದ ಒಂದು ಗೇಣು ದೂರದ ಹುಲ್ಲಿನ ಮೇಲೆ ನಿಂತದ್ದು ಬ್ರೇಕ್ ಹಿಡಿದದ್ದರಿಂದ. ಬ್ರೇಕ್ ಹಿಡಿಯೊಳಗಿನ ಸ್ವಿಚ್ ಮೋಟಾರನ್ನು ಕತ್ತರಿಸುತ್ತದೆ. ಗಾಡಿಯವರು ಎತ್ತುಗಳನ್ನು ನಿಲ್ಲಿಸಿ, “ಹೊಸ ಹೋರಿಯಾ ಅಕ್ಕ?” ಎಂದರು. ಅಷ್ಟು ಸರಿಯಾದ ವರ್ಣನೆಯನ್ನು ಯಾವ ಕಂಪನಿಯ ಕೈಪಿಡಿಯಲ್ಲೂ ನಾನು ಓದಿಲ್ಲ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ತಿರುವು, ಇಕ್ಕಟ್ಟು, ನಾಲೆಯ ಅಂಚು ಇದ್ದಲ್ಲಿ ನೆರವಿನ ಮಟ್ಟವನ್ನು ಸೊನ್ನೆಗೆ ಇಳಿಸಿ, ಎರಡು ಬೆರಳು ಬ್ರೇಕ್ ಮೇಲಿಟ್ಟುಕೊಂಡೇ ತುಳಿಯುವುದು. ತಮ್ಮನ ಸೈಕಲ್‌ನಲ್ಲಿ ಇದರ ಅಗತ್ಯವೇ ಇಲ್ಲ. ಅದೇ ಏರಿಯ ಮೇಲೆ ಅದನ್ನು ಮೊದಲ ಬಾರಿ ಓಡಿಸಿದಾಗ ಮೋಟಾರ್ ಚಾಲೂ ಆಗಿಲ್ಲವೇನೋ ಎಂದು ಎರಡು ಬಾರಿ ಪರದೆ ನೋಡಿದೆ. ಸದ್ದು ಸಣ್ಣದು, ತಳ್ಳುವುದು ಗೊತ್ತಾಗುವುದೇ ಇಲ್ಲ, ಮಂಡ್ಯದ ಗಾಳಿಯಲ್ಲಿ ಏನೋ ಇದೆ, ನನಗೇ ಇವತ್ತು ಕಸುವು ಬಂದಿದೆ ಎಂದುಕೊಂಡೆ. ತಮ್ಮ ಹಿಂದಿನಿಂದ ಬಂದು ಗುಂಡಿ ಒತ್ತಿ ಆರಿಸಿದ. ಕಸುವು ಅಲ್ಲೇ ಮುಗಿಯಿತು.

ಆದರೆ ಒಂದು ಮಾತನ್ನು ಟಾರ್ಕ್ ಸೆನ್ಸರ್ ಹೊಗಳುವವರು ಹೇಳುವುದಿಲ್ಲ. ಅದು ನೆರವು ಕೊಡಬೇಕಾದರೆ ಮಂಡಿ ಮೊದಲು ಒತ್ತಬೇಕು. ಕಚೇರಿಯಿಂದ ಸಂಜೆ ಸೋತು ಬರುವಾಗ ನನ್ನ ಪೆದ್ದು ಕೇಡೆನ್ಸ್ ಸೈಕಲ್ಲೇ ಹಿತ. ಹಗುರ ಗೇರ್ ಹಾಕಿ ಸುಮ್ಮನೆ ಕಾಲು ತಿರುಗಿಸುತ್ತಿದ್ದರೆ ಅದು ಎಳೆದುಕೊಂಡು ಹೋಗುತ್ತದೆ. ತೀರಾ ಬೇಸರವಾದರೆ ಸ್ಕೂಟರಿನ ಹಾಗೆ ಥ್ರಾಟಲ್ ಇದೆ, ಪೆಡಲ್ ಮುಟ್ಟುವುದೇ ಬೇಡ. ತಮ್ಮನದರಲ್ಲಿ ಥ್ರಾಟಲ್ ಇಲ್ಲ. ಮಂಡಿ ನೋವಿಗಾಗಿಯೇ ಕೊಳ್ಳುವ ಹಿರಿಯರು ಇದನ್ನು ಗಮನಿಸಬೇಕು. ಚಕ್ರದಲ್ಲೇ ಮೋಟಾರ್ ಇದ್ದು ಟಾರ್ಕ್ ಸೆನ್ಸರ್ ಕೂಡ ಇರುವ ಮಾದರಿಗಳು ಈಗ ಬರುತ್ತಿವೆ. ನಾನು ಮತ್ತೊಮ್ಮೆ ಕೊಳ್ಳುವುದಾದರೆ ಹತ್ತು ಸಾವಿರ ಹೆಚ್ಚಾದರೂ ಅಂಥದ್ದನ್ನೇ ಹುಡುಕುತ್ತೇನೆ.

ಏರಿನ ಲೆಕ್ಕ

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಚಾಮುಂಡಿ ಬೆಟ್ಟದ ತುದಿ 1,060ರ ಆಸುಪಾಸು. ಅಂದರೆ ಹತ್ತಬೇಕಾದದ್ದು ಹೆಚ್ಚೆಂದರೆ 300 ಮೀಟರ್. ನಾನು, ಸೈಕಲ್, ನೀರಿನ ಬಾಟಲಿ, ಚೀಲ ಎಲ್ಲ ಸೇರಿ 90 ಕೆ.ಜಿ. ಇದನ್ನು 300 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಸುಮಾರು 74 ವ್ಯಾಟ್ ಅವರ್. ನನ್ನ ಬ್ಯಾಟರಿ 36 ವೋಲ್ಟ್, 10.2 ಆಂಪಿಯರ್ ಅವರ್; ಎರಡನ್ನೂ ಗುಣಿಸಿದರೆ 367 ವ್ಯಾಟ್ ಅವರ್. ಮೋಟಾರಿನಲ್ಲಿ ಶಾಖವಾಗಿ ಪೋಲಾಗುವುದನ್ನೂ ಟಯರಿನ ಎಳೆತವನ್ನೂ ಸೇರಿಸಿ, ನನ್ನ ಕಾಲಿನ ಪಾಲನ್ನು ಕಳೆದರೆ ಬ್ಯಾಟರಿಯ ಐದನೇ ಒಂದು ಭಾಗದಷ್ಟು ಸಾಕು. ತುದಿ ತಲಪಿದಾಗ ಪರದೆಯಲ್ಲಿ ಐದು ಗೆರೆಗಳಲ್ಲಿ ಒಂದು ಅಳಿಸಿತ್ತು, ಲೆಕ್ಕ ಸರಿಯಾಗಿಯೇ ಬಂತು. ಹಾಗಾಗಿ ಬೆಟ್ಟಕ್ಕೆಂದು ದೊಡ್ಡ ಬ್ಯಾಟರಿ ಬೇಕು ಎನ್ನುವವರ ಮಾತು ನಂಬಬೇಡಿ. ಬೆಟ್ಟ ಕೇಳುವುದು ಬ್ಯಾಟರಿಯನ್ನಲ್ಲ, ತಿರುಚುಬಲವನ್ನು, ಅಂದರೆ ಟಾರ್ಕನ್ನು.

ಇಲ್ಲಿಯೇ ಚಕ್ರದ ಮೋಟಾರಿಗೂ ಪೆಡಲಿನ ಮೋಟಾರಿಗೂ ದಾರಿ ಬೇರೆಯಾಗುವುದು. ನನ್ನ ಚಕ್ರದ ಮೋಟಾರಿನ ಟಾರ್ಕ್ 40 ನ್ಯೂಟನ್ ಮೀಟರ್. ಅದು ನೇರವಾಗಿ ಚಕ್ರವನ್ನೇ ತಿರುಗಿಸುವುದರಿಂದ ಗೇರ್ ಯಾವುದೇ ಹಾಕಿದರೂ 40 ನಲವತ್ತೇ. 29 ಇಂಚಿನ ಚಕ್ರದಲ್ಲಿ ಅದು ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 11 ಕೆ.ಜಿ. ತೂಕಕ್ಕೆ ಸಮ. ನೂರು ಅಡಿಗೆ ಹತ್ತು ಅಡಿ ಏರುವ ರಸ್ತೆ ನನ್ನ 90 ಕೆ.ಜಿ.ಯನ್ನು 9 ಕೆ.ಜಿ. ಬಲದಿಂದ ಹಿಂದಕ್ಕೆಳೆಯುತ್ತದೆ. ಹನ್ನೊಂದು ಒಂಬತ್ತನ್ನು ಗೆಲ್ಲುತ್ತದೆ, ಸರಿ. ನೂರಕ್ಕೆ ಇಪ್ಪತ್ತು ಅಡಿ ಏರುವ ಜಾಗದಲ್ಲಿ ಹಿಂದಕ್ಕೆಳೆಯುವುದು 18 ಕೆ.ಜಿ.; ಬಾಕಿ ಏಳನ್ನು ನನ್ನ ಮಂಡಿಯೇ ತುಂಬಿಕೊಡಬೇಕು.

ಪೆಡಲ್ ನಡುವಿನ ಮೋಟಾರುಗಳಲ್ಲಿ ಹೆಸರಾದ ಬಾಷ್ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್, ಶಿಮಾನೊ ಇಪಿ8 ಇವುಗಳ ಟಾರ್ಕ್ 85 ನ್ಯೂಟನ್ ಮೀಟರ್ ಎಂದು ಪ್ರಸಿದ್ಧ. ನನ್ನದರ ಎರಡರಷ್ಟು, ಅಷ್ಟೇ ತಾನೆ ಎನಿಸಬಹುದು. ಆದರೆ ಅವುಗಳ ಬಲ ಚೈನ್ ಮೂಲಕ ಹೋಗುತ್ತದೆ. ಮುಂದೆ 34 ಹಲ್ಲು, ಹಿಂದೆ 51 ಹಲ್ಲಿನ ಗೇರ್ ಹಾಕಿದರೆ 85 ಎಂಬುದು ಚಕ್ರ ತಲಪುವ ಹೊತ್ತಿಗೆ 127 ಆಗಿರುತ್ತದೆ, ನನ್ನದರ ಮೂರರಷ್ಟು. ತಮ್ಮನ ಸೈಕಲ್‌ನಲ್ಲಿ ಕರೀಘಟ್ಟದ ಏರನ್ನು ಹತ್ತುವಾಗ ಉಸಿರು ಏರಿತೇ ಹೊರತು ಮಾತು ನಿಲ್ಲಲಿಲ್ಲ. ನನ್ನದರಲ್ಲಿ ಅದೇ ಏರಿನ ನಡುವೆ ನಿಂತು, ಕೆಳಗೆ ಲೋಕಪಾವನಿ ಹೊಳೆಯ ಕಡೆ ನೋಡುತ್ತಾ ಪ್ರಕೃತಿ ಸೌಂದರ್ಯ ಸವಿಯುವವಳ ಹಾಗೆ ನಟಿಸಿದ್ದೇನೆ.

ಚಕ್ರದ ಮೋಟಾರಿಗೆ ಇನ್ನೊಂದು ಸಂಕಟ, ಬಿಸಿ. ನಿಧಾನವಾಗಿ ತಿರುಗುತ್ತಾ ಪೂರ್ತಿ ಬಲ ಕೊಡಬೇಕಾಗಿ ಬಂದಾಗ ಕರೆಂಟಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಬೆಟ್ಟದ ರಸ್ತೆಯಲ್ಲಿ ನಂದಿಯ ಕಡೆಗೆ ಕವಲೊಡೆಯುವ ಹತ್ತಿರ ನಿಂತು ಚಕ್ರದ ನಡುವೆ ಕೈ ಇಟ್ಟೆ. ಹಬೆಯಾಡುವ ಕಾಫಿ ಲೋಟ ಹಿಡಿದ ಹಾಗಿತ್ತು, ಎರಡು ಸೆಕೆಂಡಿಗಿಂತ ಹೆಚ್ಚು ಕೈ ನಿಲ್ಲಲಿಲ್ಲ. ಇದಕ್ಕೆ ಉಪಾಯ, ಏರು ಶುರುವಾಗುವ ಮೊದಲೇ ವೇಗ ಕಟ್ಟಿಕೊಂಡು, ಗಂಟೆಗೆ ಹತ್ತು ಕಿ.ಮೀ.ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು. ಇಳಿದರೆ ಎರಡು ನಿಮಿಷ ನಿಲ್ಲುವುದು. ಪೆಡಲ್ ಮೋಟಾರಿಗೆ ಉಪಾಯ ಬೇರೆ. ಏರು ಬರುವ ಮೊದಲೇ ಗೇರ್ ಇಳಿಸಬೇಕು, ಇಳಿಸುವಾಗ ಕಾಲಿನ ಒತ್ತಡ ಒಂದು ಕ್ಷಣ ಸಡಿಲಿಸಬೇಕು. ಇಲ್ಲವಾದರೆ ಮೋಟಾರಿನ ಬಲವೆಲ್ಲ ಚೈನ್ ಮೇಲೆ ಬಿದ್ದು ‘ಕಟಕ್’ ಎನ್ನುತ್ತದೆ. ಆ ಸದ್ದು ಕೇಳಿದಾಗಲೆಲ್ಲ ತಮ್ಮನ ಮುಖ ನೋಡಬೇಕು. ಚೈನ್, ಹಲ್ಲುಚಕ್ರಗಳು ಅದರಲ್ಲಿ ಬೇಗ ಸವೆಯುವುದೂ ಈ ಕಾರಣಕ್ಕೇ.

ಅಂದಹಾಗೆ, ಇಳಿಯುವಾಗ ಬ್ಯಾಟರಿ ಚಾರ್ಜ್ ಆಗುತ್ತದೆಯೇ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಈ ಬಗೆಯ ಸೈಕಲ್‌ಗಳಲ್ಲಿ ಆಗುವುದಿಲ್ಲ. ಇಳಿಯುವಾಗ ಚಕ್ರ ಮೋಟಾರಿನ ಗೊಡವೆಯಿಲ್ಲದೆ ತಿರುಗುವಂತೆ ಒಳಗೆ ಫ್ರೀವೀಲ್ ಇರುತ್ತದೆ.

ಮಣ್ಣು ದಾರಿ

ಇದರ ಬಗ್ಗೆ ನನ್ನ ಅನುಭವ ಊರೂರಿನ ನಡುವಿನ ಗಾಡಿ ಜಾಡು, ನಾಲೆ ಏರಿ, ಗದ್ದೆ ಬದಿಯ ದಾರಿಗಳಷ್ಟೇ. ಚಾಮುಂಡಿ ಬೆಟ್ಟದ ಇಳಿಜಾರು ಮೀಸಲು ಅರಣ್ಯ, ಚಿರತೆಗಳೂ ಅಲ್ಲಿ ಇವೆ. ಅಲ್ಲಿ ಡಾಂಬರು ಬಿಟ್ಟು ಇಳಿಯುವುದಿಲ್ಲ, ಇಳಿಯಿರಿ ಎಂದು ಯಾರಿಗೂ ಹೇಳುವುದಿಲ್ಲ.

ಗಾಡಿ ಜಾಡಿನಲ್ಲಿ ಮೊದಲು ತಿಳಿಯುವುದು ತೂಕ ಎಲ್ಲಿದೆ ಎಂಬುದು. ಎರಡೂ ಸೈಕಲ್‌ಗಳ ತೂಕ ಹೆಚ್ಚುಕಡಿಮೆ ಒಂದೇ, ಆದರೆ ನನ್ನದರಲ್ಲಿ ಮೂರು ಕೆ.ಜಿ. ಹಿಂದಿನ ಚಕ್ರದಲ್ಲೇ ಕೂತಿದೆ. ಕಲ್ಲು ಸಿಕ್ಕಿದಾಗ ಹಿಂದಿನ ಭಾಗ ಬಡಿದು ಬೀಳುತ್ತದೆ, ಸೊಂಟಕ್ಕೆ ತಿಳಿಯುತ್ತದೆ. ತಮ್ಮನದರಲ್ಲಿ ಮೋಟಾರೂ ಬ್ಯಾಟರಿಯೂ ಎರಡು ಚಕ್ರಗಳ ನಡುವೆ, ತಗ್ಗಿನಲ್ಲಿ. ಸಸ್ಪೆನ್ಷನ್ ಹಿಂದೆಯೂ ಇರುವುದರಿಂದ ಚಕ್ರ ಮಾತ್ರ ಕಲ್ಲಿನ ಮೇಲೆ ಹತ್ತಿಳಿಯುತ್ತದೆ, ನಾವು ಕೂತಲ್ಲೇ ಇರುತ್ತೇವೆ. ಅದರ ಮುಂದಿನ ಚಕ್ರ ಹಿಡಿದಿರುವ ಕವಲಿನಲ್ಲಿ, ಅಂದರೆ ಫೋರ್ಕ್‌ನಲ್ಲಿ, ಇರುವುದು ಗಾಳಿ. ಓಡಿಸುವವರ ತೂಕಕ್ಕೆ ತಕ್ಕಂತೆ ಅದರ ಒತ್ತಡ ಹೊಂದಿಸಿಕೊಳ್ಳಬೇಕು. ತಮ್ಮ 84 ಕೆ.ಜಿ., ಅವನಿಗೆ ಹೊಂದಿಸಿದ್ದನ್ನು ನಾನು ಓಡಿಸಿದಾಗ ಫೋರ್ಕ್ ಅರ್ಧಕ್ಕೂ ಬಗ್ಗಲಿಲ್ಲ. ಯಾರದ್ದಾದರೂ ಸೈಕಲ್ ಒಮ್ಮೆ ಓಡಿಸಿ ‘ಇದೇನು ಇಷ್ಟು ಗಟ್ಟಿ’ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನನ್ನದರ ಸ್ಪ್ರಿಂಗ್ ಫೋರ್ಕ್ ಹಂಪ್ ದಾಟಲು ಸಾಕು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು.

ಮಳೆ ಬಿದ್ದ ಮಾರನೆಯ ದಿನ ಕಪ್ಪು ಮಣ್ಣಿನಲ್ಲಿ ಎರಡೂ ಒಂದೇ. ಮಣ್ಣು ಟಯರಿಗೆ ಮೆತ್ತಿಕೊಂಡು ಚಕ್ರವೇ ತಿರುಗದಂತಾಗುತ್ತದೆ. ನಾಲ್ಕು ಲಕ್ಷದ ಸೈಕಲ್ಲನ್ನೂ ಕಡ್ಡಿಯಲ್ಲಿ ಕೆರೆಯುತ್ತಾ ಕೂರಬೇಕು.

ಜಾಲಿ ಮುಳ್ಳು

ನಮ್ಮ ಸೀಮೆಯಲ್ಲಿ ಸೈಕಲ್ ಹೋಲಿಸುವಾಗ ಈ ಒಂದು ಪರೀಕ್ಷೆಯನ್ನು ಯಾರೂ ಬಿಡುವಂತಿಲ್ಲ. ಉತ್ತನಹಳ್ಳಿ ದಾಟಿ ಸ್ವಲ್ಪ ದೂರದಲ್ಲಿ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಒಂದೂವರೆ ಇಂಚಿನ ಬೆಳ್ಳಗಿನ ಮುಳ್ಳು, ಬುಡ ಮಾತ್ರ ಹೊರಗೆ. ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋದೆ (23 ಕೆ.ಜಿ. ತಳ್ಳುವಾಗ ನಡಿಗೆಯ ವೇಗದಲ್ಲಿ ಮೋಟಾರ್ ನೆರವಾಗುವ ಗುಂಡಿಯೊಂದಿದೆ, ಅದನ್ನು ಕಂಡುಹಿಡಿದವರಿಗೆ ಪುಣ್ಯ ಬರಲಿ). ಅಂಗಡಿಯವರು ಸೈಕಲ್ ಮಲಗಿಸಿ, ಚಕ್ರದ ನಡುವಿನಿಂದ ಹೊರಟ ದಪ್ಪ ವೈರ್ ನೋಡಿ, ಸ್ಪ್ಯಾನರ್ ಕೆಳಗಿಟ್ಟರು. “ಇದರಲ್ಲಿ ಕರೆಂಟ್ ಇದೆ ಮೇಡಂ, ನಾನು ಬಿಚ್ಚುವುದಿಲ್ಲ. ಜೋಡಿಸಲು ಆಗದಿದ್ದರೆ ನನ್ನನ್ನು ಕೇಳಬೇಡಿ.”

ಆಮೇಲೆ ಅವರೇ ದಾರಿ ತೋರಿಸಿದರು. ಚಕ್ರ ಬಿಚ್ಚಲೇ ಇಲ್ಲ. ಮುಳ್ಳು ಇದ್ದ ಜಾಗದಲ್ಲಿ ಟಯರಿನ ಒಂದು ಬದಿಯನ್ನು ಮಾತ್ರ ರಿಮ್‌ನಿಂದ ಎಬ್ಬಿಸಿ, ಟ್ಯೂಬನ್ನು ಅಷ್ಟೇ ಹೊರಗೆಳೆದು, ಉಜ್ಜಿ, ಪ್ಯಾಚ್ ಹಾಕಿ ಒಳಗೆ ತಳ್ಳಿದರು. ಹತ್ತು ನಿಮಿಷದ ಕೆಲಸ. ಮುಳ್ಳನ್ನು ಹುಡುಕಿ ಹೊರತೆಗೆಯುವ ಮೊದಲು ಅದರ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇ ಈ ವಿದ್ಯೆಯ ಗುಟ್ಟು. ಟ್ಯೂಬನ್ನೇ ಬದಲಿಸಬೇಕಾಗಿ ಬಂದರೆ ಮಾತ್ರ ಚಕ್ರ ಬಿಚ್ಚಲೇಬೇಕು: ವೈರ್ ಕನೆಕ್ಟರ್ ಎಳೆಯುವುದು, ಎರಡು ದೊಡ್ಡ ನಟ್ ಸಡಿಲಿಸುವುದು, ಅಚ್ಚು ತಿರುಗದಂತೆ ಹಿಡಿಯುವ ವಾಷರ್ ಯಾವ ಬದಿಗೆ ಹೇಗಿತ್ತೆಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು. ನನ್ನ ನಟ್‌ಗೆ 18ರ ಸ್ಪ್ಯಾನರ್ ಬೇಕು, ಅದು ಈಗ ಚೀಲದಲ್ಲೇ ಇರುತ್ತದೆ.

ಪೆಡಲ್ ಮೋಟಾರಿನ ಸೈಕಲ್‌ನಲ್ಲಿ ಹಿಂದಿನ ಚಕ್ರ ಸಾಮಾನ್ಯ ಚಕ್ರ, ಅಚ್ಚು ಎಳೆದರೆ ಕೈಗೆ ಬರುತ್ತದೆ. ಪಂಕ್ಚರ್ ಮಟ್ಟಿಗೆ ಅದು ಗೆದ್ದಿತು. ಆದರೆ ಅದರ ಮೋಟಾರ್ ಕೆಟ್ಟರೆ? ತಮ್ಮನದರ ಪರದೆ ಒಮ್ಮೆ ಯಾವುದೋ ಅಂಕಿ ತೋರಿಸಿ ನೆರವು ಕೊಡಲು ನಿರಾಕರಿಸಿತು. ಮೈಸೂರಿನಲ್ಲಿ ಅದಕ್ಕೆ ಕಂಪ್ಯೂಟರ್ ಹಚ್ಚಿ ನೋಡಬಲ್ಲವರು ನಮಗೆ ಸಿಗಲಿಲ್ಲ. ಬೆಂಗಳೂರಿಗೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ಅಲ್ಲೇ ಬಿಟ್ಟು ಬಂದು, ಹನ್ನೊಂದು ದಿನ ಕಾಯಬೇಕಾಯಿತು. ಕೊನೆಗೆ ಸಿಕ್ಕಿದ ಕಾರಣ ಹಿಂದಿನ ಚಕ್ರದ ಕಡ್ಡಿಯ ಮೇಲಿನ, ವೇಗ ಅಳೆಯುವ ಆಯಸ್ಕಾಂತ ಅರ್ಧ ಇಂಚು ಜರುಗಿದ್ದು. ನನ್ನದರಲ್ಲಿ ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್ ಕೆಟ್ಟಾಗ ಹೊಸದು ಕೊರಿಯರ್‌ನಲ್ಲಿ ಬಂತು, ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಮಾಡುವ ಹುಡುಗ ಬಣ್ಣ ನೋಡಿಕೊಂಡು ವೈರ್ ಸಿಕ್ಕಿಸಿದ.

ಉಳಿದವು, ಚುಟುಕಾಗಿ

ಬ್ರೇಕ್ ವಿಷಯದಲ್ಲಿ ಜಿಪುಣತನ ಬೇಡ. ಕಡಿಮೆ ಬೆಲೆಯವುಗಳಲ್ಲಿ ಡಿಸ್ಕ್ ಇದ್ದರೂ ಎಳೆಯುವುದು ಕೇಬಲ್. ಬೆಟ್ಟ ಇಳಿಯುವಾಗ ಅರ್ಧ ದಾರಿಗೇ ನನ್ನ ಬೆರಳು ಸೋತವು, ಸುಟ್ಟ ವಾಸನೆಯೂ ಬಂತು. ಹಿಡಿದೇ ಇರಬಾರದು, ಹಿಡಿದು ಬಿಡುತ್ತಾ ಇಳಿಯಬೇಕು ಎಂದು ಆಮೇಲೆ ಕಲಿತೆ. ತಮ್ಮನದು ಎಣ್ಣೆ ಒತ್ತಡದ ಹೈಡ್ರಾಲಿಕ್ ಬ್ರೇಕ್, ಒಂದೇ ಬೆರಳು ಸಾಕು. ನಾನು ಆರು ಸಾವಿರ ಖರ್ಚು ಮಾಡಿ ಹೈಡ್ರಾಲಿಕ್ ಹಾಕಿಸಿಕೊಂಡೆ. ಹಾಕಿಸುವಾಗ ಮೋಟಾರ್ ಕತ್ತರಿಸುವ ಸ್ವಿಚ್ ಇರುವ ಹಿಡಿಯನ್ನೇ ಕೇಳಿ ಪಡೆಯಿರಿ.

ಬ್ಯಾಟರಿ ಬಿಚ್ಚಿಕೊಂಡು ಮನೆಯೊಳಗೆ ತರುವಂತಿರಬೇಕು, ಮೂರನೇ ಮಹಡಿಯಲ್ಲಿರುವವರಿಗಂತೂ ಇದು ಕಡ್ಡಾಯ. ನನ್ನದು ಪೂರ್ತಿ ತುಂಬಲು ಐದು ಗಂಟೆ, ಅರ್ಧ ಯೂನಿಟ್ಟಿಗಿಂತ ಕಡಿಮೆ ಕರೆಂಟ್. ಮೂರು ರೂಪಾಯಿಯ ಮಾತು, ಗೃಹಜ್ಯೋತಿಯ ಮಿತಿಯೊಳಗಿದ್ದರೆ ಅದೂ ಇಲ್ಲ. ಚಾಮುಂಡಿ ಬೆಟ್ಟ ಹತ್ತಲು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕರೆಂಟು. ತಾಯಿಯೇ ಕರೆಸಿಕೊಳ್ಳುತ್ತಾಳೆ ಎಂದು ಅತ್ತೆ ಈಗ ಸಮಾಧಾನ ಮಾಡಿಕೊಂಡಿದ್ದಾರೆ. ಕಂಪನಿಯವರು ಬರೆದ ಕಿ.ಮೀ. ಲೆಕ್ಕದಲ್ಲಿ ಮೂರನೇ ಒಂದು ಭಾಗ ಕಳೆದು ನಂಬಿ.

ಕಾನೂನು ಸರಳವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮೋಟಾರ್ ಬಲ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ನೋಂದಣಿ, ಲೈಸೆನ್ಸ್ ಎರಡೂ ಬೇಡ. 25 ಮುಟ್ಟುತ್ತಿದ್ದ ಹಾಗೆ ಮೋಟಾರ್ ಕೈಬಿಡುತ್ತದೆ, ಅಲ್ಲಿಂದಾಚೆಗೆ ಭಾರವೆಲ್ಲ ನಮ್ಮದೇ. ಮಂಡ್ಯದ ಕಡೆ ಹೋಗುವವರಿಗೆ ಇನ್ನೊಂದು ಸೂಚನೆ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಆಷಾಢ ಶುಕ್ರವಾರಗಳಲ್ಲಿ ಬೆಟ್ಟದ ಆಸೆಯನ್ನೂ ಬಿಟ್ಟುಬಿಡಿ.

ಇನ್ನು ಕಿಟ್. ಸಹೋದ್ಯೋಗಿಯ ಸೈಕಲ್ ಬಗ್ಗೆ ಅವರೆದುರು ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ಮುಂದಿನ ಚಕ್ರಕ್ಕೆ ಮೋಟಾರ್ ಹಾಕಿಸಿದ್ದಾರೆ. ಏರಿನಲ್ಲಿ ತೂಕ ಹಿಂದಕ್ಕೆ ಬಿದ್ದಾಗ ಮುಂದಿನ ಚಕ್ರ ಜಲ್ಲಿಯ ಮೇಲೆ ಸುಮ್ಮನೆ ಗಿರಕಿ ಹೊಡೆಯುತ್ತದೆ. ಅಲ್ಯೂಮಿನಿಯಂ ಫೋರ್ಕ್‌ನ ತುದಿ ಮೋಟಾರಿನ ತಿರುಚುಬಲ ತಾಳಲೆಂದು ಮಾಡಿದ್ದಲ್ಲ. ಅಚ್ಚನ್ನು ಹಿಡಿದಿಡುವ ಉಕ್ಕಿನ ಪಟ್ಟಿ ಹಾಕಿಸದಿದ್ದರೆ ಚಕ್ರವೇ ಕಳಚಿಕೊಳ್ಳಬಹುದು. ಬ್ರೇಕ್ ಹಳೆಯ ರಬ್ಬರಿನದು. ಕೆಲವು ಕಿಟ್‌ಗಳು 250 ವ್ಯಾಟ್ ಮೀರಿರುತ್ತವೆ, ಆಗ ಅದು ಕಾನೂನಿನ ಕಣ್ಣಿಗೆ ಸೈಕಲ್ ಅಲ್ಲ. ರಿಂಗ್ ರಸ್ತೆಯೊಳಗಿನ ಓಡಾಟಕ್ಕೆ, ಒಳ್ಳೆಯ ಉಕ್ಕಿನ ಸೈಕಲ್ ಈಗಾಗಲೇ ಮನೆಯಲ್ಲಿದ್ದರೆ, ಹಿಂದಿನ ಚಕ್ರದ ಕಿಟ್ ಹಾಕಿಸಬಹುದು. ಬೆಟ್ಟಕ್ಕೆ ಬೇಡ.

ಯಾರಿಗೆ ಯಾವುದು

ವಾರಕ್ಕೊಮ್ಮೆಯಾದರೂ ನಿಜವಾಗಿ ಮಣ್ಣಿಗೆ, ಕಡಿದಾದ ಏರಿಗೆ ಇಳಿಯುವವರು, ಕೆಟ್ಟರೆ ಬೆಂಗಳೂರಿಗೆ ಒಯ್ಯಲು ಕಾರೂ ತಾಳ್ಮೆಯೂ ಇರುವವರು ಪೆಡಲ್ ಮೋಟಾರಿನದನ್ನು ಕೊಳ್ಳಲಿ. ಅದರ ಮೇಲೆ ಒಮ್ಮೆ ಕೂತವರಿಗೆ ಅದು ಮರೆಯುವುದಿಲ್ಲ, ನನಗೂ ಮರೆತಿಲ್ಲ. ತಿಂಗಳಿಗೆ ಎರಡು ಸಲ ಬೆಟ್ಟ, ಉಳಿದ ದಿನ ಕಚೇರಿ, ಸಂತೆ, ಮಗಳ ಟ್ಯೂಷನ್ ಎನ್ನುವವರಿಗೆ ಚಕ್ರದ ಮೋಟಾರ್ ಸಾಕು. ಉಳಿದ ಮೂರೂವರೆ ಲಕ್ಷಕ್ಕೆ ಬೇರೆ ಕೆಲಸಗಳಿವೆ. ಅದರಲ್ಲೂ ಟಾರ್ಕ್ ಸೆನ್ಸರ್ ಇರುವುದು ಸಿಕ್ಕಿದರೆ ಬಿಡಬೇಡಿ. ಮಂಡಿ ತೀರಾ ಕೈಕೊಟ್ಟವರು ಮಾತ್ರ ಥ್ರಾಟಲ್ ಇದೆಯೇ ಎಂದು ಮೊದಲು ನೋಡಲಿ.

ಓಡಿಸಿ ನೋಡಲು ಕೇಳುವಾಗ ಅಂಗಡಿ ಮುಂದಿನ ಎರಡು ಸುತ್ತಿಗೆ ಒಪ್ಪಬೇಡಿ. ಲಲಿತಮಹಲ್ ಕಡೆಯಿಂದ ಬೆಟ್ಟದ ಬುಡದವರೆಗಾದರೂ ಒಯ್ಯಲು ಬಿಡಿ ಎನ್ನಿ, ಆಧಾರ್ ಕಾರ್ಡ್ ಬೇಕಾದರೆ ಇಟ್ಟುಕೊಳ್ಳಲಿ. ಏರಿನ ನಡುವೆ ಬೇಕೆಂದೇ ನಿಂತು, ಕಾಲು ಊರಿ, ಅಲ್ಲಿಂದ ಮತ್ತೆ ಹೊರಡಿ. ಆಗ ಮೋಟಾರ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬಾಯಲ್ಲಿ ಎಣಿಸಿ. ತಿರುವಿನಲ್ಲಿ ತುಳಿಯುವುದನ್ನು ನಿಲ್ಲಿಸಿ, ಅದು ಎಷ್ಟು ಬೇಗ ನಿಲ್ಲುತ್ತದೆ ನೋಡಿ. ಒಮ್ಮೆ ಮೋಟಾರ್ ಆರಿಸಿ ನೂರು ಮೀಟರ್ ತುಳಿಯಿರಿ, ಬ್ಯಾಟರಿ ಮುಗಿದ ದಿನ ನಿಮ್ಮ ಪಾಡು ಅದೇ. ಹಿಂತಿರುಗಿದ ಮೇಲೆ ಸೈಕಲ್ಲನ್ನು ಅಂಗಡಿಯ ಮೆಟ್ಟಿಲ ಮೇಲೆ ನೀವೇ ಎತ್ತಿಡಿ. ಹುಡುಗ ಓಡಿ ಬರುತ್ತಾನೆ, ಬೇಡ ಎನ್ನಿ. ನಮ್ಮ ಮನೆಯ ಜಗಲಿಗೆ ಮೂರು ಮೆಟ್ಟಿಲು. ಅದನ್ನು ನಾನು ಲೆಕ್ಕ ಹಾಕಿದ್ದು ಬಿಲ್ ಕಟ್ಟಿ ಮನೆಗೆ ಬಂದ ಮೇಲೆ.